ಅವ್ವನ ಒಪ್ಪತ್ತು

ಈ ವರ್ಷ ನನ್ನ ಕೈಗೆ ಹೊಸ ಜಂಪರುಗಳಿಗಿಂತ ಹಳೆಯವೇ ಹೆಚ್ಚು ಬಂದವು. ಹೊಲಿಸಿ ವರ್ಷ ತುಂಬಿರದ, ಬಣ್ಣ ಮಾಸಿರದ, ಒಂದು ಹುಕ್ಕೂ ಕಿತ್ತಿರದ ಜಂಪರುಗಳು. "ಅಕ್ಕಾರ, ಎರಡೂ ಬಾಜೂ ಹೊಲಗಿ ಹಾಕಿ ಸಣ್ಣದು ಮಾಡಿಕೊಡ್ರಿ, ಮೈಮ್ಯಾಲ ನಿಂದರವಲ್ದು" ಅನ್ನುವುದೊಂದೇ ಮಾತು. ಸಿಂದಗಿಯಲ್ಲಿ ಇಪ್ಪತ್ತು ವರ್ಷದಿಂದ ಹೊಲಿಗೆ ಮೆಷಿನ್ ಮುಂದೆ ಕೂತವಳು ನಾನು. ಇಷ್ಟು ದಿನ ಹೆಂಗಸರು ಬರುತ್ತಿದ್ದದ್ದು ಒಳಗಿನ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಸಲಿಕ್ಕೆ. ಮದುವೆಗೆ ಹೊಲಿಸುವುದು, ಎರಡು ಹೆರಿಗೆ ಆದ ಮೇಲೆ ಬಿಚ್ಚಿಸುವುದು. ಆ ಲೆಕ್ಕದಲ್ಲೇ ನಾನು ಯಾವಾಗಲೂ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುತ್ತಿದ್ದೆ.

ಮೊದಲು ಗುಟ್ಟು ಬಿಟ್ಟುಕೊಟ್ಟವರು ತಾಂಬಾದ ಸಾಲಿಯ ಟೀಚರು. ಅಳತೆ ಕೊಡುತ್ತ ನಿಂತವರು ಅಂಗಡಿಯ ಪರದೆ ಎಳೆದು, ದನಿ ಇಳಿಸಿ, "ತೂಕ ಇಳಸೂ ಇಂಜೆಕ್ಷನ್ ಪೆನ್ನು ಚಾಲೂ ಮಾಡೀನ್ರಿ. ವಾರಕ್ಕೊಮ್ಮಿ ಹೊಟ್ಟಿಗಿ ಚುಚ್ಚಿಕೊಳ್ಳೋದು. ಹಸಿವೀನ ಆಗೂದಿಲ್ಲ. ಯಾರ ಮುಂದೂ ಅನಬ್ಯಾಡ್ರಿ ಮತ್ತ" ಅಂದರು. ಆಮೇಲೆ ಚಡಚಣದಿಂದ ದ್ರಾಕ್ಷಿ ತೋಟದವರ ಮನೆಯಾಕೆ ಬಂದರು, ಅದೇ ಮಾತು. ಮುದ್ದೇಬಿಹಾಳಕ್ಕೆ ಕೊಟ್ಟ ನಮ್ಮ ಓಣಿಯ ಹುಡುಗಿ ತವರಿಗೆ ಬಂದಾಗ ಏಳು ಜಂಪರು ತಂದು ಸುರಿದಳು. ತನ್ನ ಪೆನ್ನಿನ ಸುದ್ದಿ ಅತ್ತೆಗೆ ಗೊತ್ತಿಲ್ಲ ಎಂದು ನಕ್ಕಳು. ಹೋದ ತಿಂಗಳು ಅದೇ ಅತ್ತೆಯೂ ನನ್ನಲ್ಲಿಗೆ ಬಂದು ಜಂಪರು ಸಣ್ಣ ಮಾಡಿಸಿಕೊಂಡು ಹೋಗಿದ್ದರು, ಸೊಸೆಯ ಮುಂದೆ ಬಾಯಿ ಬಿಡಬೇಡ ಎಂದು ಕೈ ಮುಗಿದು. ನಾನು ತುಟಿ ಕಚ್ಚಿಕೊಂಡು ಟೇಪು ಸುತ್ತಿದೆ. ಈಗ ಈ ಭಾಗದಲ್ಲಿ ಯಾರು ಏನು ಚುಚ್ಚಿಕೊಳ್ಳುತ್ತಾರೆಂದು ಗಂಡಂದಿರಿಗಿಂತ ಮೊದಲು ನನ್ನ ಟೇಪಿಗೆ ಗೊತ್ತಾಗುತ್ತದೆ.

ಬೇರೆಯವರ ಗುಟ್ಟು ಹೊತ್ತುಕೊಂಡು ತಿರುಗಿದವಳು ನನ್ನದೊಂದನ್ನು ಸೇರಿಸಿಕೊಂಡೆ. ನಾನು ದಪ್ಪ. ಸುಮ್ಮನೆ ದಪ್ಪ ಅಲ್ಲ, ರಿಕ್ಷಾದವನು ನನ್ನ ನೋಡಿ ಇನ್ನೊಬ್ಬರನ್ನು ಇಳಿಸುವಷ್ಟು. ಪೆಡಲು ತುಳಿದೂ ತುಳಿದೂ ಮೊಣಕಾಲು ಊದಿದ್ದವು, ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿತ್ತು. ವಿಜಾಪುರದ ಡಾಕ್ಟರರು ರಿಪೋರ್ಟು ನೋಡಿ ಅವರಾಗಿಯೇ ಪೆನ್ನು ಬರೆದುಕೊಟ್ಟರು. ನನ್ನವರು ಅದನ್ನು ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಇಟ್ಟು, "ಇನ್ನ ಮ್ಯಾಲ ನನಗ ಒಂದ್ ರೊಟ್ಟಿ ಜಾಸ್ತಿ ಸಿಗತೈತಿ ಅನ್ನು" ಎಂದು ಚೇಷ್ಟೆ ಮಾಡಿದರು. ನಗು ಬರಲಿಲ್ಲ. ಮೊದಲ ಸಲ ಚುಚ್ಚಿಕೊಳ್ಳುವಾಗ ಕೈ ಮೂರು ಸಲ ಮುಚ್ಚಳ ತೆಗೆದು ಮತ್ತೆ ಹಾಕಿತು. ದಿನಾ ಸೂಜಿ ಹಿಡಿಯುವ ಕೈ ಅದು.

ಐದು ತಿಂಗಳಲ್ಲಿ ನಾನು ನನ್ನ ಜಂಪರುಗಳನ್ನೇ ಎರಡು ಸಲ ಸಣ್ಣ ಮಾಡಿದೆ. ಮೊಣಕಾಲು ಹಗುರಾದವು, ಇದನ್ನು ಸುಳ್ಳು ಹೇಳಲಾರೆ. ಆದರೆ ಹೊಟ್ಟೆ ಸುಮ್ಮನಾದ ಮೇಲೆ ತಲೆ ಸುಮ್ಮನಿರಲಿಲ್ಲ. ಮೊದಲು ಹನ್ನೊಂದಕ್ಕೆ ಚಹಾ, ಒಂದಕ್ಕೆ ಊಟ, ನಾಲ್ಕಕ್ಕೆ ಚುರುಮುರಿ ಎಂದು ದಿನಕ್ಕೆ ಗೂಟಗಳಿದ್ದವು. ಈಗ ದಿನ ಒಂದೇ ಸಮ ಉದ್ದಕ್ಕೆ ಬಿದ್ದಿತ್ತು. ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ವಾಸನೆ ಮೂಗಿಗೆ ಬಂದರೂ ಒಳಗೆ ಏನೂ ಏಳುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕು ಗೊತ್ತಿಲ್ಲ. ಬಾಗಿಲಿಗೆ ಹೋಗಿ ರಸ್ತೆ ನೋಡಿ ತಿರುಗಿ ಬರುತ್ತಿದ್ದೆ. ನನ್ನ ಮೇಲೆ ನನಗೇ ಬೇಸರ ಬಂದುಬಿಟ್ಟಿತು.

ತವರಿಗೆ ಮಾತ್ರ ಹೇಳಿರಲಿಲ್ಲ. ತವರು ಬಸವನ ಬಾಗೇವಾಡಿ. ಅಲ್ಲಿ ತಮ್ಮ, ಅವನ ಹೆಂಡತಿ, ಅವರ ಮಕ್ಕಳ ಜೊತೆ ಅವ್ವ ಇದ್ದಾಳೆ. ಅಪ್ಪ ತೀರಿ ಎಂಟು ವರ್ಷ. ಅವ್ವನಿಗೆ ನನ್ನ ದಪ್ಪ ಮೈ ಎಂದರೆ ಹೆಮ್ಮೆ. ಬಂದವರ ಮುಂದೆಲ್ಲ "ನನ್ನ ಮಗಳು ಮೈ ತುಂಬಿಕೊಂಡು ಬಾಳೇವು ಮಾಡಾಕತ್ತಾಳ" ಅನ್ನುತ್ತಿದ್ದಳು. ಅಂಥವಳಿಗೆ ಉಣ್ಣದಿರಲಿಕ್ಕೆ ಇಂಜೆಕ್ಷನ್ ತಗೊಳ್ಳುತ್ತೇನೆಂದು ಹೇಗೆ ಹೇಳಲಿ? ಹೋದ ಸಲ ತವರಿಗೆ ಹೋದಾಗ ಯಾಕೆ ಸೊರಗಿದ್ದೀ ಎಂದು ಕೇಳಿದ್ದಕ್ಕೆ, ದಿನಾ ಬೆಳಗ್ಗೆ ವಾಕಿಂಗ್ ಹೋಗುತ್ತೇನೆ ಎಂದು ಹೇಳಿದ್ದೆ. ಅವ್ವ ಆಗ ನನ್ನ ಕುತ್ತಿಗೆ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ಬಳೆ ಮೊಣಕೈಯವರೆಗೆ ಜಾರುತ್ತಿದ್ದವು.

ಎಳ್ಳ ಅಮವಾಸ್ಯೆಗೆ ತಮ್ಮನ ಹೊಲಕ್ಕೆ ಹೋದೆವು. ಆ ದಿನ ನಮ್ಮಲ್ಲಿ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆ ಹೊತ್ತು ನಿಂತ ಭೂಮಿತಾಯಿಗೆ ಪೂಜೆ ಮಾಡಿ, ಅಡುಗೆಯನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುತ್ತಾರೆ. ಚರಗ ಚೆಲ್ಲಿದ ಮೇಲೆ ಎಲ್ಲರೂ ಗುಂಪಾಗಿ ಕೂತು ಉಣ್ಣುವುದು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡಬು. ತಮ್ಮನ ಹೆಂಡತಿ ನನ್ನ ತಾಟು ತುಂಬಿಸಿದಳು. ಬೇಡ ಎಂದರೆ ಕೈ ಹಿಡಿದು ಹಾಕುವ ಜನ ನಾವು. ಅರ್ಧ ಕಡಬಿಗೇ ನನಗೆ ಸಾಕಾಯಿತು. ಬೆಳೆ ನೋಡಿ ಬರುತ್ತೇನೆ ಎಂದು ತಾಟು ಹಿಡಿದೇ ಎದ್ದೆ. ಎದೆಯೆತ್ತರದ ಜೋಳದ ಮರೆಗೆ ಹೋಗಿ, ನನ್ನ ತಾಟಿನದೆಲ್ಲವನ್ನೂ ಚರಗದಂತೆ ಸಾಲಿನೊಳಗೆ ಚೆಲ್ಲಿಬಿಟ್ಟೆ. ತಿರುಗಿದರೆ ಅವ್ವ ನಿಂತಿದ್ದಳು.

ಬೈಯುತ್ತಾಳೆ ಎಂದುಕೊಂಡೆ. ಅವ್ವನ ಬಾಯಿ ಇಡೀ ಬಾಗೇವಾಡಿಗೆ ಗೊತ್ತು. ತುತ್ತು ಅನ್ನ ಚೆಲ್ಲಿದ್ದಕ್ಕೆ ಚಿಕ್ಕಂದಿನಲ್ಲಿ ನನ್ನ ಬೆನ್ನ ಮೇಲೆ ಬಾಸುಂಡೆ ಎಬ್ಬಿಸಿದವಳು. ಅವತ್ತು ನನ್ನ ಕೈಯಿಂದ ತಾಟು ಇಸಿದುಕೊಂಡು, ಸೆರಗಿನಿಂದ ಒರೆಸಿ, "ನಡಿ, ಬಿಸಲ ಭಾಳ ಐತಿ" ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಸಿಂದಗಿಗೆ ಮರಳುವ ದಾರಿಯುದ್ದಕ್ಕೂ ಅವಳು ಬೈಯದಿದ್ದದ್ದು ನನ್ನನ್ನು ಕೆರೆಯುತ್ತಲೇ ಇತ್ತು, ಕಾರಣ ಮಾತ್ರ ಹೊಳೆಯಲಿಲ್ಲ.

ತಿಂಗಳಾಗಿರಬೇಕು. ಒಂದು ಮುಂಜಾನೆ ತಮ್ಮನ ಹೆಂಡತಿಯ ಫೋನು. "ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಅತ್ತಿ ದೇವರ ಜಗಲಿ ಮುಂದ ಬಿದ್ದಿದ್ರು. ಸಕ್ಕರಿ ಪೂರಾ ಇಳದೈತಂತ. ಡಾಕ್ಟರ್ ಸಲೈನ್ ಹಚ್ಚಿ ಮನೀಗಿ ಕಳಸ್ಯಾರ." ಸಕ್ಕರೆ ಕಾಯಿಲೆಯ ಗುಳಿಗೆ ಹೆಚ್ಚಾಗಿ ನುಂಗಿದ್ದಳೇನು ಎಂದು ಕೇಳಿದೆ. ಆಕೆ, "ಗುಳಗಿ ದಿನದಂಗ ಎರಡೂ ಹೊತ್ತು ನುಂಗ್ಯಾರ್ರಿ. ಊಟ ಒಂದ ಹೊತ್ತು. ಅಮಾಸಿ ಮರದಿನದಿಂದ ಒಪ್ಪತ್ತು ಹಿಡದಾರ. ಯಾಕಂತ ಕೇಳಿದ್ರ ಬೇಡಿಕೊಂಡೀನಿ ಅಂತಾರ, ಯಾರ ಸಲುವಾಗಿ ಅಂತ ಹೇಳೂದಿಲ್ಲ" ಅಂದಳು.

ಅವ್ವ ಹೇಳದಿದ್ದರೂ ಅದು ನನ್ನ ಸಲುವಾಗಿ ಎಂದು ನನಗೆ ಗೊತ್ತಾಯಿತು. ನಮ್ಮ ಕಡೆ ಮನೆಯಲ್ಲಿ ಯಾರಿಗಾದರೂ ದೊಡ್ಡ ಬ್ಯಾನಿ ಬಂದರೆ ಹೆಂಗಸರು ದೇವರಿಗೆ ತಮ್ಮ ಒಂದು ಹೊತ್ತಿನ ಊಟ ಬಿಟ್ಟುಕೊಡುತ್ತಾರೆ. ಅವರು ಉಂಡು ಎದ್ದು ಓಡಾಡುವವರೆಗೆ ತಾನು ಒಂದೇ ಹೊತ್ತು ಉಣ್ಣುವುದು. ಅದನ್ನು ಬಾಯಿ ಬಿಟ್ಟು ಹೇಳಿದರೆ ಹರಕೆ ಫಲಿಸುವುದಿಲ್ಲ ಎಂಬುದು ನಂಬಿಕೆ. ನಾನು ಕತ್ತರಿ ಅಲ್ಲೇ ಬಿಟ್ಟು ಎದ್ದೆ.

ದೇವರಹಿಪ್ಪರಗಿ ಮೇಲೆ ಹೋಗುವ ಬಸ್ಸು ಅವತ್ತು ಎತ್ತಿನಗಾಡಿಗಿಂತ ನಿಧಾನ ಹೋಯಿತು. ಒಂದೊಂದು ಸ್ಟಾಪಿನಲ್ಲೂ ಡ್ರೈವರನ ಮೇಲೆ ಸಿಟ್ಟು, ಹತ್ತುವವರ ಮೇಲೆ ಸಿಟ್ಟು, ಅವರ ಗಂಟುಗಳ ಮೇಲೆ ಸಿಟ್ಟು. ಸೀಟು ಮೂರು ಸಲ ಬದಲಿಸಿದೆ. ಕಂಡಕ್ಟರು, "ಎಲ್ಯರ ಒಂದ್ ಕಡೆ ಕೂಡ್ರಿ ಅಕ್ಕಾರ" ಎಂದು ಗದರಿದ. ಎಪ್ಪತ್ತು ದಾಟಿದ ಹೆಂಗಸು, ಸಕ್ಕರೆ ಗುಳಿಗೆ ನುಂಗಿ ಖಾಲಿ ಹೊಟ್ಟೆಯಲ್ಲಿ ಮಲಗುತ್ತಿದ್ದಳು. ನಾನೊಂದು ಖರೇ ಮಾತು ಹೇಳಿದ್ದರೆ ಬೀಳುತ್ತಿರಲಿಲ್ಲ. ಹೇಳಿಬಿಟ್ಟರೆ ಮುಗಿಯಿತು, ಇವತ್ತೇ ಎರಡು ಹೊತ್ತು ಉಣ್ಣುತ್ತಾಳೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಹೋದೆ.

ಅವ್ವ ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ಮುಂಗೈಗೆ ಹತ್ತಿ ಅಂಟಿಸಿತ್ತು. ನಾನು ಜಂಪರು ಹೊಲಿಯುವವಳು, ಕಣ್ಣಳತೆ ತಪ್ಪುವುದಿಲ್ಲ: ಒಂದು ತಿಂಗಳಲ್ಲಿ ಅವ್ವನ ತೋಳು ಎರಡು ಬೆರಳು ಇಳಿದಿತ್ತು.

"ಯಾಕ ಹಿಂಗ ಮಾಡ್ದಿ ಅವ್ವಾ?"

"ಏನ್ ಮಾಡೀನಿ? ಚಹಾ ಕುಡೀತಿಯೇನು?"

ನಾನು ಕೂರಲೂ ಇಲ್ಲ. ನಿಂತೇ ಎಲ್ಲ ಹೇಳಿದೆ. ಪೆನ್ನು, ವಿಜಾಪುರದ ಡಾಕ್ಟರು, ಮೊಣಕಾಲು, ವಾಕಿಂಗಿನ ಸುಳ್ಳು. ಮೊಬೈಲಿನಲ್ಲಿ ಪೆನ್ನಿನ ಫೋಟೊ ತೋರಿಸಿದೆ. "ಇದು ಬ್ಯಾನಿ ಅಲ್ಲವ್ವಾ. ನಾನ ಬೇಕಂತ ತೊಗೊಳ್ಳಾಕತ್ತೇನಿ. ಹಸಿವಿ ಆಗಬಾರದು ಅಂತ ಕೊಡೂ ಇಂಜೆಕ್ಷನ್."

ಅವ್ವ ನನ್ನ ಮುಖವನ್ನೇ ನೋಡಿದಳು. "ಹಸಿವಿ ಆಗಬಾರದು ಅಂತ ಯಾರರ ಇಂಜೆಕ್ಷನ್ ತೊಗೋತಾರೇನ ಯವ್ವಾ?" ಅಂದಳು. ಅದರಲ್ಲಿ ಚೇಷ್ಟೆ ಇರಲಿಲ್ಲ. ಸಣ್ಣ ಕೂಸಿನ ಸುಳ್ಳು ಕೇಳಿದವರ ಮರುಕವಿತ್ತು.

ತಮ್ಮನ ಹೆಂಡತಿಯನ್ನು ಕರೆದೆ. ಆಕೆ, "ಖರೇನ ಐತ್ರಿ ಅತ್ತಿ, ಈಗ ಎಲ್ಲಾರೂ ತೊಗೊಳ್ಳಾಕತ್ತಾರ" ಅಂದಳು. ಅವ್ವ ಆಕೆಯ ಕಡೆ ತಿರುಗಿ, "ನೀನೂ ಕೂಡೀದಿ ಇದರಾಗ" ಎಂದು ಸೌಮ್ಯವಾಗಿ ನಕ್ಕಳು. ಬೇಕಾದರೆ ಡಾಕ್ಟರಿಗೇ ಫೋನು ಹಚ್ಚುತ್ತೇನೆ ಎಂದೆ.

"ಹಚ್ಚಬ್ಯಾಡ. ಡಾಕ್ಟರು ನೀವು ಹೇಳಿಕೊಟ್ಟಂಗ ಹೇಳ್ತಾರ. ನಿಮ್ಮಪ್ಪನ್ನ ಸೊಲ್ಲಾಪುರಕ್ಕ ಕರಕೊಂಡ್ ಹೋಗುವಾಗ ಏನ್ ಹೇಳಿದ್ದಿ ನೀ? ಶಕ್ತಿ ಇಂಜೆಕ್ಷನ್, ಹಸಿವಿ ಆಗಲಿ ಅಂತ ಕೊಡ್ತಾರ ಅಂದಿದ್ದಿ. ನಾ ನಂಬಿದ್ನಿ."

ಹೌದು, ನಾನೇ ಹೇಳಿದ್ದೆ. ಇದೇ ಪಡಸಾಲೆಯಲ್ಲಿ ನಿಂತು ಹೇಳಿದ್ದೆ. ಅಪ್ಪನದು ಕ್ಯಾನ್ಸರು, ಆ ಇಂಜೆಕ್ಷನ್ನೂ ಅದರದೇ; ಅವ್ವನಿಗೆ ತಿಳಿದರೆ ತಾಳಲಾರಳು ಎಂದು ನಾನೂ ತಮ್ಮನೂ ಸೇರಿ ಮುಚ್ಚಿಟ್ಟೆವು. ಡಾಕ್ಟರರಿಗೂ ಹಾಗೇ ಹೇಳಿಕೊಟ್ಟೆವು. ನಮ್ಮಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ, ಅದನ್ನು ಪ್ರೀತಿ ಎಂದೇ ತಿಳಿದಿದ್ದೆವು.

"ಉಣವಲ್ರು ಅಂತ ದಿನಾ ಜಗಳಾ ತಗದ್ನಿ ಅವರ ಮ್ಯಾಲ. ಒಂದಿನ ಗಂಗಾಳ ಎತ್ತಿ ಒಗದ್ನಿ. ಗಂಟಲದಾಗ ತುತ್ತು ಇಳೀಲಾರದ ಮನಷ್ಯಾಗ 'ನಾ ಮಾಡಿದ್ದು ನಿಮಗ ಸೇರೂದಿಲ್ಲೇನು' ಅಂತ ಕೇಳೀನಿ." ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೊಲದಾಗ ನೀ ತಾಟು ಚೆಲ್ಲೂದು ನೋಡಿ, ಈ ಸಲ ಬೈಯಬಾರದು ಅಂತ ಗಟ್ಟಿ ಮಾಡೀನಿ."

ನನಗೆ ಅಳು ಬಂತು. ಅತ್ತದ್ದು ತಪ್ಪಾಯಿತು. ನನಗೆ ದೊಡ್ಡ ಬ್ಯಾನಿ ಇದೆ ಎಂಬುದಕ್ಕೆ ಅವಳಿಗೆ ಅದೂ ಒಂದು ಸಾಕ್ಷಿಯಾಯಿತು.

ಹೊತ್ತು ಮುಳುಗುವ ಮುಂಚೆ ತಮ್ಮನ ಹೆಂಡತಿ ಬಿಸಿ ರೊಟ್ಟಿ, ಝುಣಕ ಮಾಡಿದಳು. "ನೋಡು, ನಿನ್ನ ಕಣ್ಣ ಮುಂದ ಉಣ್ತೇನಿ. ನನಗ ಬ್ಯಾನಿ ಇಲ್ಲ ಅಂತ ಆವಾಗರ ನಂಬತಿಯೇನು?" ಎಂದು ಹಟಕ್ಕೆ ಬಿದ್ದು ಕೂತೆ. ಪೆನ್ನು ಚುಚ್ಚಿಕೊಂಡು ಎರಡೇ ದಿನವಾಗಿತ್ತು. ಆ ದಿನಗಳಲ್ಲಿ ನಾಲ್ಕು ತುತ್ತೂ ಇಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಇನ್ನು ಚುಚ್ಚಿಕೊಳ್ಳುವುದಿಲ್ಲ ಎಂದು ಅಲ್ಲೇ ನಿರ್ಧಾರ ಮಾಡಿದ್ದೆ. ಆದರೆ ಮೈಯೊಳಗೆ ಹೋದದ್ದು ನನ್ನ ಮಾತು ಕೇಳುತ್ತದೆಯೇ?

ಅವ್ವ ನನ್ನೆದುರು ಬಂದು ಕೂತು ತನಗೂ ತಾಟು ಹಾಕಿಸಿಕೊಂಡಳು. ನನ್ನ ಜೀವಕ್ಕೆ ಸಮಾಧಾನವಾಯಿತು. "ದೇವರ ಮುಂದ ತಪ್ಪು ಅಂತ ಕೇಳಿಕೋತೇನಿ. ಇವತ್ತಿನಿಂದ ನೀ ಎಷ್ಟ ಉಣ್ತಿ, ನಾನೂ ಅಷ್ಟ ಉಣ್ತೇನಿ" ಅಂದಳು.

ಒಂದು ತುತ್ತು ಮುರಿದೆ. ಅವ್ವನೂ ಮುರಿದಳು. ಎರಡು, ಮೂರು. ಅವಳಿಗೆ ಹಸಿವಾಗಿತ್ತು, ಕಾಣುತ್ತಿತ್ತು; ಗಬಗಬ ನುಂಗಿ, ಖಾಲಿ ಕೈಯಲ್ಲಿ ನನ್ನ ಮುಂದಿನ ತುತ್ತಿಗೆ ಕಾಯುತ್ತಿದ್ದಳು. ನಾಲ್ಕನೆಯದನ್ನು ನೀರು ಕುಡಿದು ಇಳಿಸಿದೆ. ಐದನೆಯದನ್ನು ಅಗಿದೆ, ಅಗಿದೆ, ಕಣ್ಣಲ್ಲಿ ನೀರು ಬಂದರೂ ನುಂಗಿದೆ. ಅವ್ವನೂ ತನ್ನ ಐದನೆಯದನ್ನು ತಿಂದು ಬೆರಳಿಗೆ ಹತ್ತಿದ ಝುಣಕ ನೆಕ್ಕಿದಳು. ಆರನೆಯದನ್ನು ಬಾಯಿಯವರೆಗೆ ಒಯ್ದೆ, ಕೈ ತಾನಾಗಿ ಕೆಳಗಿಳಿಯಿತು.

"ಸಾಕ ಬಿಡು, ಜುಲುಮಿ ಮಾಡಿಕೋಬ್ಯಾಡ" ಎಂದು ಅವ್ವ ನನ್ನ ಬೆನ್ನು ನೀವಿದಳು. ಆಮೇಲೆ ಮುಕ್ಕಾಲು ರೊಟ್ಟಿ ಉಳಿದಿದ್ದ ತನ್ನ ತಾಟನ್ನು ಪಕ್ಕಕ್ಕೆ ಸರಿಸಿ ಕೈ ತೊಳೆದುಕೊಂಡಳು.