ಮಗ್ಗದ ಸೂಟಿಯ ದಿನ ಬಂದ ಎಂಜಿನಿಯರ್

ಡಿಜಿಟಲ್ ಟಿವಿಗಾಗಿ ಪ್ರಸಾರ ಗೋಪುರದ ಶಕ್ತಿ ಎಷ್ಟಿರಬೇಕೆಂದು ಅಳೆಯಲು ಬಂದಿದ್ದ ಎಂಜಿನಿಯರು ಬನಹಟ್ಟಿಯ ನಮ್ಮ ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿದರು. ಏನು ಕೇಳಿದರೂ ಅಂಗಿಯ ತುದಿಯಿಂದ ಮೀಟರು ಒರೆಸುತ್ತ "ನೋಡೂಣ್ರಿ" ಅನ್ನುವವರು. ಅವತ್ತು ಅಂಕಿ ನೋಡಿ ಹಿಗ್ಗಿದರು.

"ಅಕ್ಕಾರ, ನಿಮ್ಮ ಓಣಿಗೆ ಕಡಿಮಿ ಶಕ್ತೀನ ಸಾಕ್ರಿ."

"ಇವತ್ತ ಮಗ್ಗದ ಸೂಟಿ ಐತ್ರಿ. ನಾಳೆ ಕರೆಂಟಿನ ಮಗ್ಗ ಚಾಲೂ ಆದ್ವಂದ್ರ, ಮೋಟಾರಿನ ಕಾಟಕ್ಕ ಟಿವಿ ತುಂಬ ಗೆರಿ ಬೀಳ್ತಾವು. ವಾರಕ್ಕ ಒಂದ ದಿನ ಟಿವಿ ನೋಡೂದೇನ್ರಿ ನಾವು?" ಎಂದೆ.

ನಾಲಿಗೆ ಕಚ್ಚಿಕೊಂಡು, ಬರೆದದ್ದನ್ನೆಲ್ಲ ಹೊಡೆದುಹಾಕಿದರು. ಮರುದಿನ ಬಂದು, ಮಗ್ಗಗಳ ಸದ್ದಿನ ನಡುವೆ ಮತ್ತೆ ಅಳೆದರು. ಕಡಿಮೆ ಶಕ್ತಿ ಸಾಲದೆಂದು ಗೊತ್ತಾಯಿತು. ಹೆಚ್ಚು ಶಕ್ತಿ ಬೇಕೆಂದು ದಪ್ಪಕ್ಷರದಲ್ಲಿ ಬರೆದು ನನಗೆ ತೋರಿಸಿದರು. ಗೇಟು ದಾಟಿದವರು ತಿರುಗಿ ಬಂದು, ನನ್ನ ಕಿವಿಯ ಹತ್ತಿರ ಕೂಗಿದರು:

"ಅಕ್ಕಾರ, ಮುಂದ ಬಾಜೂ ಊರು ರಬಕವಿಯೊಳಗ ಅಳಿಯೂದೈತ್ರಿ. ಅಲ್ಲಿ ಮಗ್ಗದ ಸೂಟಿ ಯಾವತ್ತರಿ?"