ಪುಟ್ಟಮಾದಮ್ಮನ ಮನೆಯ ಗಂಡುಮಕ್ಕಳು

ಮಧುವನಹಳ್ಳಿಯ ಪುಟ್ಟಮಾದಮ್ಮನ ಮಗ ಶಿವರಾಜು ಐದನೇ ವಯಸ್ಸಿಗೆ ಬೀಳತೊಡಗಿದ. ಸಮನೆಲದಲ್ಲೇ ಬೀಳುತ್ತಿದ್ದ. ಏಳುವಾಗ ನೆಲಕ್ಕೆ ಕೈಯೂರಿ, ಆಮೇಲೆ ತನ್ನ ತೊಡೆಗಳನ್ನೇ ಹಿಡಿದು ಮೇಲೆ ಹತ್ತುವವನಂತೆ ನಿಲ್ಲುತ್ತಿದ್ದ. ಮೀನಖಂಡಗಳು ಮಾತ್ರ ವಯಸ್ಸಿಗೆ ಮೀರಿ ದಪ್ಪ. "ಪೈಲ್ವಾನ ಆಯ್ತಾನೆ ಕಣವ್ವ ನಿನ್ ಮಗ" ಎಂದು ಕಳೆ ಕೀಳುವ ಹೆಂಗಸರು ನಗುತ್ತಿದ್ದರು. ಪುಟ್ಟಮಾದಮ್ಮ ನಗುತ್ತಿರಲಿಲ್ಲ. ಅಜ್ಜೀಪುರದ ತವರಿನಲ್ಲಿ ಅವಳ ತಮ್ಮ ಮಾದುವೂ ಹೀಗೇ ಏಳುತ್ತಿದ್ದ. ಅವನು ಮೀಸೆ ಚಿಗುರುವ ಮುಂಚೆ ಹಾಸಿಗೆ ಹಿಡಿದ. ಚಿಗುರಿದ ಮೇಲೆ ಉಸಿರು ಎಳೆದುಕೊಳ್ಳಲಾಗದೆ ಸತ್ತ. ಅದೇ ಕೊರಗಿನಲ್ಲಿ ಅವ್ವನೂ ಹೋದಳು.

ಗಂಡ ಚಿನ್ನಸ್ವಾಮಿ ಮಗನನ್ನು ಹೆಗಲ ಮೇಲೆ ಹೊತ್ತು ದೇವರ ಬೆಟ್ಟಕ್ಕೆ ಹೋಗಿಬಂದ. ಎಣ್ಣೆ ತಿಕ್ಕುವವರ ಬಳಿಗೂ ಹೋದ. ಹೀಗೇ ಮೂರು ವರ್ಷ ಕಳೆಯಿತು. ಕೊನೆಗೆ ಕೊಳ್ಳೇಗಾಲದ ಡಾಕ್ಟರು ಮೈಸೂರಿಗೆ ಕಳಿಸಿದರು. ಅಲ್ಲಿ ಮಗನ ರಕ್ತ ತೆಗೆದರು, ತಾಯಿಯದೂ ತೆಗೆದರು. ವರದಿ ಬಂದ ದಿನ ಡಾಕ್ಟರಮ್ಮ ಗಂಡಹೆಂಡಿರನ್ನು ಎದುರಿಗೆ ಕೂರಿಸಿಕೊಂಡರು.

"ಹೆಣ್ಣಿನ ಮೈಯಲ್ಲಿ ಎಕ್ಸ್ ಅನ್ನೋ ಎಳೆ ಎರಡಿರುತ್ತೆ, ಗಂಡಿಗೆ ಒಂದೇ. ನಿಮ್ಮ ಎರಡರಲ್ಲಿ ಒಂದು ಕೆಟ್ಟಿದೆ. ಸ್ನಾಯು ಗಟ್ಟಿಯಾಗಿ ಉಳಿಯೋದು ಹೇಗೆ ಅಂತ ತಿಳಿಸೋ ಜೀನ್ ಅದರಲ್ಲಿ ಹಾಳಾಗಿದೆ. ನಿಮ್ಮನ್ನ ಇನ್ನೊಂದು ಎಳೆ ಕಾಪಾಡ್ತು. ಮಗನಿಗೆ ಕೆಟ್ಟದ್ದೇ ಹೋಯ್ತು. ಅವನಿಗೆ ಬೇರೆ ಎಳೆ ಇಲ್ಲ."

"ನಾನೇ ಕೊಟ್ಟುಟ್ನಾ ಮೇಡಂ?"

"ನಿಮ್ಮ ತಮ್ಮನಿಗೂ ಇದೇ ಇತ್ತು ಅಂದ್ರಲ್ಲ, ನಿಮಗೂ ನಿಮ್ಮ ತಾಯಿಯಿಂದ ಬಂದದ್ದಮ್ಮ. ಯಾರ ತಪ್ಪೂ ಅಲ್ಲ."

"ವಾಸಿ ಆಯ್ತದಾ?"

ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ನಡಿಗೆಯನ್ನು ಸ್ವಲ್ಪ ಕಾಲ ಉಳಿಸಿಕೊಳ್ಳಬಹುದು ಎಂದರು ಡಾಕ್ಟರಮ್ಮ. ಆಮೇಲೆ ಕೇಳಿದರು: "ನಿಮಗೆ ಅಕ್ಕತಂಗಿಯರಿದ್ದಾರಾ?"

ತಂಗಿ ಕವಿತ ಮಾರ್ಟಳ್ಳಿಯಲ್ಲಿದ್ದಳು, ಚೊಚ್ಚಲ ಬಸುರಿ.

ಮಾರನೆಯ ದಿನವೇ ಪುಟ್ಟಮಾದಮ್ಮ ಬಸ್ಸು ಹತ್ತಿದಳು. ಕವಿತಳ ರಕ್ತವನ್ನೂ ಪರೀಕ್ಷೆ ಮಾಡಿಸಬೇಕೆಂಬ ಮಾತು ಮುಗಿಯಲೂ ತಂಗಿಯ ಅತ್ತೆ ರಂಗಮ್ಮ ಬಿಡಲಿಲ್ಲ. "ನಿಮ್ಮನೆ ಪೀಡೆಯ ನಮ್ಮನೆಗೆ ತರಬ್ಯಾಡ. ಬಸ್ರಿ ಎಂಗ್ಸಿನ ಮುಂದ ಆಡೋ ಮಾತಾ ಇದು? ಎದ್ದೋಗು!"

ಕವಿತ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ಪುಟ್ಟಮಾದಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಸ್ಸು ನಿಲ್ಲುವ ಜಾಗಕ್ಕೆ ಬಂದಳು. ಬಸ್ಸು ಹೊರಡುವಾಗ ಕವಿತ ಏದುಸಿರು ಬಿಡುತ್ತಾ ಓಡಿ ಬಂದು ಹತ್ತಿದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಮಾದಣ್ಣನ ಮಗ್ಗುಲು ತಿರುಗಿಸ್ತಿದ್ದವ್ಳು ನಾನು ಕಣಕ್ಕ" ಎಂದಳು. "ನನ್ ಮಗೀಗೂ ಅಂಗಾಗೋದಾದ್ರ ಈಗ್ಲೇ ತಿಳೀಲಿ."

ವರದಿ ಬರುವವರೆಗೆ ಅವಳು ಅಕ್ಕನ ಮನೆಯಲ್ಲೇ ಉಳಿದಳು. ಶಿವರಾಜು ಚಿಕ್ಕಮ್ಮನ ಮಡಿಲಿನಲ್ಲಿ ತಲೆಯಿಟ್ಟರೆ ಸರಕ್ಕನೆ ಎದ್ದುಬಿಡುತ್ತಿದ್ದಳು, ಆಮೇಲೆ ಅತ್ತು ತಾನೇ ಅವನನ್ನು ಎಳೆದುಕೊಳ್ಳುತ್ತಿದ್ದಳು.

ಕವಿತಳ ರಕ್ತದಲ್ಲಿ ಏನೂ ಇರಲಿಲ್ಲ. ತಾಯಿಯ ಒಳ್ಳೆಯ ಎಳೆ ಅವಳ ಪಾಲಿಗೆ ಬಂದಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳು ಅಕ್ಕನನ್ನು ತಬ್ಬಿ ಜೋರಾಗಿ ಅತ್ತಳು. ಅಳುತ್ತಲೇ ಅಕ್ಕನ ಮುಖ ನೋಡಿ ನಾಚಿ ಕೈಬಿಟ್ಟಳು.

"ಯಾಕವ್ವ ಬುಟ್ಟೆ? ನಂಗ ಸಂತೋಸವೇ" ಎಂದಳು ಪುಟ್ಟಮಾದಮ್ಮ. ಸುಳ್ಳಾಗಿರಲಿಲ್ಲ. ಆದರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿ ಇವಳಿಗೆ ತಪ್ಪಿದ್ದು ತನಗೇಕೆ ಬಂತು ಎಂದು ಒಳಗೊಳಗೇ ಕೇಳಿಕೊಳ್ಳುತ್ತಿದ್ದಳು. ತಂಗಿಯನ್ನು ಮಾರ್ಟಳ್ಳಿಯ ಬಸ್ಸು ಹತ್ತಿಸಿ ಒಬ್ಬಳೇ ಮನೆಗೆ ಬಂದಳು.

ಆ ಮಳೆಗಾಲದಲ್ಲಿ ಶಿವರಾಜು ಬಾಗಿಲ ಹೊಸ್ತಿಲು ದಾಟುವುದನ್ನೂ ಬಿಟ್ಟ. ಹತ್ತನೇ ತರಗತಿಯ ಹಿರಿಯ ಮಗಳು ಭವ್ಯಶ್ರೀ ತಮ್ಮನನ್ನು ಎತ್ತಿ ಬಚ್ಚಲಿಗೆ ಒಯ್ಯುತ್ತಿದ್ದಳು. ಒಂದು ಸಂಜೆ ಅವನ ಮೈ ಒರೆಸುತ್ತಾ ಕೇಳಿದಳು:

"ಅವ್ವ, ನಂಗ ಯಾವ ಎಳೆ ಕೊಟ್ಟಿದ್ದೀಯ?"

ಹದಿನೆಂಟು ತುಂಬಲಿ, ಅವಳೇ ಬಯಸಿದರೆ ಅವಳ ರಕ್ತವನ್ನೂ ನೋಡೋಣ ಎಂದು ಡಾಕ್ಟರಮ್ಮ ಹೇಳಿದ್ದರು. ಪುಟ್ಟಮಾದಮ್ಮ ಮಗಳ ಕೈಯಿಂದ ಟವೆಲ್ ತೆಗೆದುಕೊಂಡು ಮಗನ ಕಾಲು ಒರೆಸತೊಡಗಿದಳು. ಭವ್ಯಶ್ರೀ ಉತ್ತರಕ್ಕಾಗಿ ಅಲ್ಲೇ ನಿಂತಿದ್ದಳು.