ಒಂಬತ್ತಕ್ಕೆ ಒಂದೇ ಉತ್ತರ

ಒಂಬತ್ತು ಅವಿಭಾಜ್ಯ ಸಂಖ್ಯೆಯೇ ಎಂದು ಕೇಳಿದರೆ ಕಂಪ್ಯೂಟರ್ ಹೌದು ಎಂದಿತು. ಕೆಳಗಿನ ಸಾಲಿನಲ್ಲಿ ಅಲ್ಲ ಎಂದಿತು. ಆಮೇಲೆ ಹೌದು, ಹೌದು, ಹೌದು ಎಂದು ಪರದೆ ತುಂಬ ಇಳಿಯಿತು. ನಮ್ಮ ಕೊಪ್ಪಳದ ಸಂತೆಯಲ್ಲಿ ಕುರಿ ವ್ಯಾಪಾರದವರೂ ಇಷ್ಟು ಮಾತು ಬದಲಿಸುವುದಿಲ್ಲ. ಆ ಪ್ರೋಗ್ರಾಂ ಬರೆದವಳು ನಾನೇ.

ಯಲಹಂಕದ ಒಂದು ಶಾಲೆಯವರು ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿ ಕೆಲಸ ಕೊಡುತ್ತೇವೆ ಎಂದಿದ್ದರು. ಶನಿವಾರ ಪ್ರಿನ್ಸಿಪಾಲ್ ಮೇಡಂ ಎದುರು ಇದೇ ಪ್ರೋಗ್ರಾಂ ಬರೆದು ತೋರಿಸಬೇಕು. ಬರೆಯಲು ಬಾರದಿದ್ದರೆ ಬಾಡಿಗೆ ಮನೆ ಬಿಟ್ಟು ಕೊಪ್ಪಳಕ್ಕೆ, ಅಕ್ಕನ ಮನೆಗೆ.

ನಾವಿಬ್ಬರೂ ಇಲ್ಲಿಗೆ ಬಂದದ್ದು ಯಜಮಾನರ ಚಿಕಿತ್ಸೆಗೆ. ಅವರನ್ನು ಊರಿನ ಹೊಲದಲ್ಲಿ ಮಣ್ಣು ಮಾಡಿ, ಒಬ್ಬಳೇ ತಿರುಗಿ ಬಂದು ಬೀಗ ತೆಗೆದೆ. ಯಾಕೆ ತಿರುಗಿ ಹೋದೆ ಎಂದು ಊರಿನವರೆಲ್ಲ ಕೇಳುತ್ತಾರೆ. ಅವರನ್ನು ಇಟ್ಟ ಮಣ್ಣು ಅಲ್ಲಿದೆ. ಅವರು ಕೂತು ಚಹಾ ಕುಡಿದ ಕುರ್ಚಿ ಇಲ್ಲಿದೆ.

ಇಲ್ಲಿ ರೊಟ್ಟಿ ಎಂದರೆ ಅಕ್ಕಿಯದು. ಬಂದ ಹೊಸತರಲ್ಲಿ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದರೆ ಕೆಳಮನೆಯ ಓನರಮ್ಮ ಮೆಟ್ಟಿಲು ಹತ್ತಿ ಬಂದರು.

"ಬೆಳಗ್ಗೆ ಬೆಳಗ್ಗೆ ಅದೇನ್ರೀ ಪಟಪಟ ಅಂತ? ಮಲಗಕ್ಕಾಗಲ್ಲ ಕಣ್ರೀ. ಲಟ್ಟಿಸ್ಕೊಳ್ಳಿ, ಸದ್ದಿರಲ್ಲ."

ನಮ್ಮ ಓಣಿಯಲ್ಲಿ ಯಾವುದಾದರೂ ಮನೆಯಿಂದ ಆ ಸದ್ದು ಕೇಳದಿದ್ದರೆ ಏನಾಯಿತೆಂದು ನೋಡಲು ಜನ ಬರುತ್ತಾರೆ. ಇಲ್ಲಿ ಸದ್ದು ಕೇಳಿದರೆ ಬರುತ್ತಾರೆ. ಅಂದಿನಿಂದ ಲಟ್ಟಿಸುತ್ತಿದ್ದೇನೆ. ಅಂಚು ಬಿರಿಯುತ್ತದೆ. ತಿನ್ನುತ್ತೇನೆ.

ನಾನು ಸೇರಿದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವ ನಂದಿನಿಗೆ ನನ್ನ ಅರ್ಧ ವಯಸ್ಸು. ಕಂಡವರೆಲ್ಲ ಆಂಟಿ ಎನ್ನುವ ಊರಿನಲ್ಲಿ ಅವಳು ಅಕ್ಕ ಎನ್ನುತ್ತಾಳೆ.

"ಅಕ್ಕ, ಎರಡರಿಂದ ಎಂಟರವರೆಗೂ ಭಾಗಿಸ್ತಿದ್ದೀರ, ಸರಿ. ಮೂರರಲ್ಲಿ ಭಾಗ ಆಗೋಯ್ತಲ್ಲ, ಆಮೇಲೂ ಯಾಕೆ ಕೇಳ್ತಿದ್ದೀರ?"

"ಮುಂದಿಂದು ಹೌದು ಅಂದೀತು ಅಂತ, ತಂಗಿ."

"ಅನ್ನತ್ತೆ. ಆದ್ರೆ ಸುಳ್ಳು. ಅಲ್ಲ ಅಂತ ಒಂದ್ಸಲ ಬಂದ್ಮೇಲೆ ಮುಗೀತು. ಅಲ್ಲೇ ಬ್ರೇಕ್ ಅಂತ ಬರೆದು ಆಚೆ ಬನ್ನಿ."

ಯಜಮಾನರನ್ನು ಮೊದಲು ತೋರಿಸಿದ ಹೆಬ್ಬಾಳದ ಆಸ್ಪತ್ರೆಯಲ್ಲೇ ಡಾಕ್ಟರು ಆಗುವುದಿಲ್ಲ ಎಂದಿದ್ದರು. ಆಮೇಲೆ ಯಶವಂತಪುರಕ್ಕೆ ಹೋದೆವು, ಆರ್.ಟಿ. ನಗರಕ್ಕೆ ಹೋದೆವು. ಅಲ್ಲೆಲ್ಲ "ನೋಡೋಣ" ಎಂದರು. ನಾವಿಬ್ಬರೂ ಅದನ್ನು ಹೌದೆಂದೇ ಕೇಳಿಸಿಕೊಂಡೆವು. ಯಂತ್ರಕ್ಕೆ ಒಂದು ಪದ ಬರೆದರೆ ನಿಲ್ಲುತ್ತದೆ. ನನಗೆ ಯಾರ ಮೇಲೆಂದು ತಿಳಿಯದೆ ಸಿಟ್ಟು ಬಂತು.

"ಹಂಗಾರ ಹೌದು ಅನ್ನೂದು ಯಾವಾಗ?" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

"ಅದಕ್ಕೆ ಕೊನೆತನಕ ಹೋಗ್ಬೇಕಕ್ಕ. ಯಾವ್ದರಲ್ಲೂ ಭಾಗ ಆಗ್ಲಿಲ್ಲ ಅಂದ್ರೆ, ಆಗ ಒಂದೇ ಸಲ."

ಶನಿವಾರ ಮೇಡಂ ಒಂಬತ್ತು ಒತ್ತಿದರು. ಪರದೆ ಅಲ್ಲ ಎಂದು ಸುಮ್ಮನಾಯಿತು. ಹದಿಮೂರು ಒತ್ತಿದರು. ಹೌದು. "ಸೋಮವಾರದಿಂದ ಬನ್ನಿ" ಎಂದರು.

ಮರುದಿನ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದೆ. ಖುಷಿಪಟ್ಟಳು. ಆಮೇಲೆ ಕೇಳಿದಳು: "ಅಂದ್ರ ಇನ್ನ ಅದ ನಿನ್ನ ಊರಾತೇನು?"

"ಇನ್ನೂ ನೋಡಾಕತ್ತೇನಿ ಅಕ್ಕ. ಕೊನೀತನಕ ನೋಡಬೇಕು."

ಫೋನಿಟ್ಟು, ಲಟ್ಟಣಿಗೆ ಬದಿಗೆ ಸರಿಸಿ, ಒಂದು ರೊಟ್ಟಿ ಕೈಯಲ್ಲೇ ಬಡಿದೆ, ಜೋರಾಗಿ. ಮೆಟ್ಟಿಲ ಕಡೆ ಕಿವಿಗೊಟ್ಟು ನಿಂತೆ. ಬೈಯಲಿಕ್ಕಾದರೂ ಯಾರಾದರೂ ಬಂದಿದ್ದರೆ ಚೆನ್ನಾಗಿತ್ತು.